ಏಕಾದಶಿಯ ಲೋಟ

ಪುಣೆಯಲ್ಲಿ ನಮ್ಮ ಪಕ್ಕದ ಮನೆಯ ವಿಜಯಪುರದ ಹಿರಿಯ ಹೆಂಗಸು, ಎಲ್ಲರ ಬಾಯಲ್ಲಿ ‘ಕಾಕು’, ಅವರಿಗೂ ಅವರ ಮುದಿ ನಾಯಿಗೂ ಹೃದಯದ ತೊಂದರೆ. ಇಬ್ಬರಿಗೂ ಮೈಯಲ್ಲಿ ತುಂಬಿದ ನೀರು ಇಳಿಸುವ ಗುಳಿಗೆ. ಡಾಕ್ಟರು ಬೇರೆ, ಡಬ್ಬಿ ಬೇರೆ. ನಾಯಿಯ ಬಟ್ಟಲು ಬರಿದಾಗಲು ಕಾಕು ಬಿಡುತ್ತಿರಲಿಲ್ಲ.

“ಗುಳಿಗಿ ನೀರು ಎಳೀತದ್ರಿ, ಕುಡೀಲಿ ಪಾಪ,” ಎನ್ನುತ್ತಿದ್ದರು.

ಆಷಾಢಿ ಏಕಾದಶಿಯಂದು ಮಾತ್ರ ತಾವು ಗುಳಿಗೆಯನ್ನು ಒಣಬಾಯಲ್ಲೇ ನುಂಗಿ, ಹನಿ ನೀರೂ ಮುಟ್ಟದೆ ಕುಳಿತರು. ಮಧ್ಯಾಹ್ನ ಅದೇ ಬಟ್ಟಲು ತುಂಬಲು ಎದ್ದವರು ತಲೆ ತಿರುಗಿ ಬಿದ್ದರು. ಈ ಗುಳಿಗೆ ತಿಂದು ನೀರು ಬಿಡುವುದುಂಟೇ ಎಂದು ಡಾಕ್ಟರು ಬೈದರು.

ಮುಂದಿನ ವರ್ಷದ ಏಕಾದಶಿಗೆ ಇಣುಕಿದೆ. ನಾಯಿಯ ಪಕ್ಕ ಕುಳಿತು ಲೋಟ ಎತ್ತಿದ್ದರು. ನನ್ನನ್ನು ಕಂಡು, ಗೋಡೆಯ ಮೇಲಿನ ವಿಠ್ಠಲನಿಗೂ ಕೇಳುವಂತೆ ಹೇಳಿದರು:

“ಏನ್ ಮಾಡೂದ್ರಿ, ಇವ ಒಬ್ಬನ ಕುಡೀಲಿಕ್ಕೆ ಒಲ್ಲೆ ಅಂತಾನ!”