ಬೀನ್ಸಿಗೆ ಒಂದು ಹಿಡಿ ಕೊಸರು

ನಮ್ಮತ್ತೆ ಬೀನ್ಸನ್ನು ಮುರಿದು ನೋಡದೆ ಕೊಂಡವರಲ್ಲ. ಮೈಸೂರಿನ ಮಾರುಕಟ್ಟೆಯಲ್ಲಿ ಟಕ್ಕೆಂದು ಮುರಿದು ಎಳೆಯದೋ ಬಲಿತದ್ದೋ ಎಂದು ತೀರ್ಪು ಕೊಡುತ್ತಿದ್ದ ಅವರ ಬೆರಳುಗಳು, ಈ ದೂರದೇಶದಲ್ಲಿ ನಾವಿರುವ ಮಾರ್ಕಮ್ಮಿನ ಸೂಪರ್‌ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿದ ಬೀನ್ಸಿನ ಮುಂದೆ ಕೆಲಸವಿಲ್ಲದೆ ನಿಲ್ಲುತ್ತಿದ್ದವು. ಅದನ್ನು ನೋಡಲಾರದೆ, ಕಳೆದ ಬೇಸಿಗೆಯ ಒಂದು ಶನಿವಾರ ಅವರನ್ನು ಬೋಲ್ಟನ್ ಊರಿನಾಚೆಯ ಹೊಲವೊಂದಕ್ಕೆ ಕರೆದೊಯ್ದೆ. ಅಲ್ಲಿ ರಸ್ತೆಯ ಪಕ್ಕದಲ್ಲೇ ಮೇಜು ಹಾಕಿ, ಆಗತಾನೇ ಕಿತ್ತ ತರಕಾರಿ ಮಾರುತ್ತಾರೆ.

ಅದರ ಹಿಂದಿನ ವಾರ ನಮ್ಮ ಮನೆಯಲ್ಲಿ ನಾಲ್ಕಾರು ಕನ್ನಡ ಕುಟುಂಬಗಳ ಊಟವಿತ್ತು. ಸಾರಿನ ಹೊತ್ತಿಗೆ ನಾವೆಲ್ಲ ಸೇರಿ, ಕಂಡಕಂಡವರನ್ನು ಒಳಗೆ ಬಿಟ್ಟುಕೊಂಡು ಈ ದೇಶ ಕೆಟ್ಟಿತೆಂದೂ ಇಮಿಗ್ರೇಷನ್ ಇನ್ನಷ್ಟು ಬಿಗಿಯಾಗಬೇಕೆಂದೂ ತೀರ್ಮಾನಿಸಿದೆವು. ಮಜ್ಜಿಗೆಯ ಹೊತ್ತಿಗೆ ತರಕಾರಿಯ ಬೆಲೆ ಹೀಗೇಕೆ ಏರುತ್ತಿದೆಯೆಂದು ಕಂಗಾಲಾದೆವು. ನಾವೂ ಅದೇ ಬಾಗಿಲಿನಿಂದ ಬಂದವರೇ, ನಿಜ. ಆದರೆ ಒಳಗೆ ಬಂದು ಕುಳಿತವರಿಗೆ ಬಾಗಿಲ ಸಂದಿಯ ಗಾಳಿ ಬಹಳ ಥಂಡಿ ಅನ್ನಿಸುತ್ತದೆ. ಸಾರಿನ ಮಾತಿಗೂ ಮಜ್ಜಿಗೆಯ ಮಾತಿಗೂ ಏನಾದರೂ ನಂಟಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ಶನಿವಾರ ತರಕಾರಿ ಮೇಜಿನ ಹಿಂದೆ ನಿಂತಿದ್ದವನು ಡೆಸ್ಮಂಡ್ ಎಂಬ ಜಮೈಕಾದ ಮನುಷ್ಯ, ಐವತ್ತರ ಆಸುಪಾಸು. ಬಿತ್ತಿದವನೂ ಕಿತ್ತವನೂ ಮಾರುವವನೂ ಅವನೇ ಎಂದು ನನ್ನಿಂದ ಕೇಳಿ ತಿಳಿದ ಅತ್ತೆ, ಹೊಲವೂ ಅವನದೇ ಎಂದುಕೊಂಡರು. ಬೀನ್ಸು ಮುರಿದರು, ಮೆಚ್ಚಿದರು, ತೂಗಿಸಿದರು. ಆಮೇಲೆ ನನ್ನತ್ತ ತಿರುಗಿ, “ಯಜಮಾನ್ರನ್ನ ಕೇಳಮ್ಮ, ಒಂದು ಹಿಡಿ ಕೊಸರು ಹಾಕ್ತಾರಾ ಅಂತ” ಎಂದರು.

ನನಗೆ ನಾಚಿಕೆಯಾಯಿತು. ಬಾರ್‌ಕೋಡಿಗೆ ತಲೆಬಾಗಿ ಬಾಗಿ, ಕೊಸರು ಕೇಳುವ ಧೈರ್ಯ ನನ್ನಲ್ಲಿ ಎಂದೋ ಸತ್ತಿತ್ತು. ತಡವರಿಸುತ್ತಾ ವಿವರಿಸಿದರೆ ಅವನು ನಕ್ಕುಬಿಟ್ಟ. ಅವನ ತಾಯಿಯೂ ಸಂತೆಯಲ್ಲಿ ಗೆಣಸು ಮಾರುತ್ತಿದ್ದಳಂತೆ. ತೂಕದ ಮೇಲೆ ಒಂದಿಷ್ಟು ಹಾಕುವುದು ಅಲ್ಲಿಯೂ ಉಂಟು, ಅದಕ್ಕೆ ಬ್ರಾಟಾ ಎನ್ನುತ್ತಾರಂತೆ. ಧಾರಾಳವಾಗಿ ಒಂದು ಹಿಡಿ ಚೀಲಕ್ಕೆ ಬಿತ್ತು. ಅತ್ತೆ ಅವನನ್ನು ನೋಡಿ, ತಮ್ಮದೇ ಬೀದಿಯವನು ಸಿಕ್ಕಿದಂತೆ ತಲೆಯಾಡಿಸಿದರು.

ತಾನು ಯಜಮಾನನಲ್ಲ ಎಂದು ಅವನೇ ಹೇಳಿದ. ಹನ್ನೆರಡು ವರ್ಷದಿಂದ ಪ್ರತಿ ವಸಂತಕ್ಕೆ ಬಂದು, ಹಿಮ ಬೀಳುವ ಮುಂಚೆ ಊರಿಗೆ ಮರಳುತ್ತಾನೆ. ಕೆಲಸದ ಪರ್ಮಿಟ್ಟು ಈ ಒಂದು ಹೊಲಕ್ಕೆ ಮಾತ್ರ. ಪಕ್ಕದ ಹೊಲದಲ್ಲಿ ಒಂದು ಕಳೆ ಕೀಳುವಂತಿಲ್ಲ. ಮಾಲೀಕ ಮುಂದಿನ ವರ್ಷದ ಪಟ್ಟಿಯಲ್ಲಿ ಅವನ ಹೆಸರು ಬರೆದರೆ ಮಗಳ ನರ್ಸಿಂಗ್ ಓದು ಮುಂದುವರಿಯುತ್ತದೆ, ಬರೆಯದಿದ್ದರೆ ಇಲ್ಲ. “ಈ ಹಿಡಿ ಬೀನ್ಸಿನ ವಿಷಯ ಯಾರಿಗೂ ಹೇಳಬೇಡಿ” ಎಂದ.

ನೋಡಿ, ನಮ್ಮತ್ತೆಯ ವೀಸಾಕ್ಕೆ ಸೂಪರ್ ವೀಸಾ ಎಂದು ಹೆಸರು. ಸೋಫಾದ ಮೇಲೆ ಕುಳಿತು ಧಾರಾವಾಹಿ ನೋಡುತ್ತಾ ಅವರು ವರ್ಷಗಟ್ಟಲೆ ಇಲ್ಲಿರಬಹುದು. ಅವರು ತಿನ್ನುವ ಪಲ್ಯವನ್ನು ಬೆಳೆಯುವವನು ಮಾತ್ರ ಬೆಳೆ ಮುಗಿದ ಕೂಡಲೇ ಜಾಗ ಖಾಲಿ ಮಾಡಬೇಕು.

ನಾನು ಯಾರಿಗೂ ಹೇಳಲಿಲ್ಲ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಿದೆ, ಅತ್ತೆಯ ಚೀಲಕ್ಕೆ ಅವನು ಬೀನ್ಸು ಸುರಿಯುತ್ತಿರುವ ಫೋಟೋ ಸಮೇತ: ಬೋಲ್ಟನ್ನಿನಲ್ಲೂ ಕೊಸರು ಸಿಗುತ್ತದೆ! ಮುಂದಿನ ಶನಿವಾರಗಳಲ್ಲಿ ಮಾರ್ಕಮ್ಮಿನಿಂದ, ಜಾರ್ಜ್‌ಟೌನಿನಿಂದ ಕಾರುಗಳು ಹೊರಟವು. ಡೆಸ್ಮಂಡ್ ಇಲ್ಲದ ಹೊತ್ತಿನಲ್ಲಿ ಹೋದ ಒಬ್ಬ ಮಹನೀಯರು ಸಾಕ್ಷಿಗೆ ನನ್ನ ಫೋಟೋ ತೋರಿಸಿ ಮಾಲೀಕನನ್ನೇ ಕೊಸರು ಕೇಳಿದರು. ಕೊಡಲಿಲ್ಲ, ಕಂಜೂಸ್ ಮನುಷ್ಯ ಎಂದು ಗುಂಪಿನಲ್ಲಿ ಬರೆದರು. ನಾನು ಅದಕ್ಕೊಂದು ನಗುವ ಮುಖ ಒತ್ತಿದೆ.

ಈ ಬೇಸಿಗೆಯಲ್ಲಿ ಮೇಜಿನ ಹಿಂದೆ ಮಾಲೀಕನೇ ನಿಂತಿದ್ದ, ಬೀನ್ಸಿನ ಬೆಲೆ ಸಾಕಷ್ಟು ಏರಿತ್ತು. ಡೆಸ್ಮಂಡ್ ಎಲ್ಲಿ ಎಂದು ಅತ್ತೆ ನನ್ನಿಂದ ಕೇಳಿಸಿದರು. ಒಳ್ಳೆಯ ಕೆಲಸಗಾರ, ಆದರೆ ನನ್ನ ಮಾಲನ್ನು ಹಂಚುತ್ತಿದ್ದ, ಅದಕ್ಕೇ ಬೇರೊಬ್ಬನ ಹೆಸರು ಬರೆದೆ ಎಂದ ಮಾಲೀಕ. ಆ ಬೇರೊಬ್ಬನ ಕಾಗದಪತ್ರ ಇನ್ನೂ ಬಂದಿರಲಿಲ್ಲ. ಕೀಳುವ ಕೈ ಸಾಲದೆ ಅರ್ಧ ಬೆಳೆ ಬಳ್ಳಿಯಲ್ಲೇ ಬಲಿತು ನಾರಾಗಿತ್ತು, ಉಳಿದರ್ಧಕ್ಕೆ ಈ ಬೆಲೆ. ನಿಮ್ಮ ಜನಕ್ಕೆ ಇದು ಇಷ್ಟವಂತಲ್ಲವೇ ಎಂದು ಅವನೇ ಒಂದು ಹಿಡಿ ಹೆಚ್ಚಿಗೆ ಹಾಕಿದ. ಹಾಕಿದ್ದಕ್ಕೆ ನಾನು ಥ್ಯಾಂಕ್ಸ್ ಕೂಡ ಹೇಳಿದೆ.

ಕಾರಿನಲ್ಲಿ ಅತ್ತೆ ಬೀನ್ಸಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಆಮೇಲೆ, “ಕೇಳಿದೋಳು ನಾನು. ನನ್ನಿಂದ ಆ ಮನುಷ್ಯನ ಅನ್ನ ಹೋಯ್ತು” ಎಂದು ಕಣ್ಣೊರೆಸಿಕೊಂಡರು.

“ನಿಮ್ಮಿಂದ ಅಲ್ಲ ಬಿಡಿ ಅತ್ತೆ” ಎಂದೆ. ಮತ್ತೆ ಯಾರಿಂದ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗಲೂ ಅವರು ಬೀನ್ಸು ಹೆಚ್ಚುವಾಗ ನಡುವೆ ಕೈ ನಿಲ್ಲಿಸಿ, ಆ ಮನುಷ್ಯನ ಮಗಳ ಓದು ಏನಾಯಿತೋ ಎನ್ನುತ್ತಾರೆ. ಯಾರಿಂದ ಎಂದು ನಿಮಗಾದರೆ ಹೇಳಬಹುದು, ದಿನಾ ನನ್ನ ಎದುರು ಊಟಕ್ಕೆ ಕೂರುವವರು ನೀವಲ್ಲ.