ಸ್ತೂಪದೊಳಗಿನ ಕರಡಿಗೆ

ಲಕ್ಕಪ್ಪ ಗಾರೆ ಕೆಲಸದವನು. ಹಾವೇರಿ ಕಡೆಯಿಂದ ಬಂದು ಕೋಣನಕುಂಟೆಯಲ್ಲಿ ಶೀಟಿನ ಮನೆ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ಈ ಕಡೆಯ ಎಷ್ಟೋ ಗುಡಿಗಳ ಗೋಪುರದ ಮೇಲೆ ಸಿಮೆಂಟಿನ ಸಿಂಹ, ನಂದಿ, ದ್ವಾರಪಾಲಕರನ್ನು ಕೂರಿಸಿದ ಕೈ ಅವನದು. ಕೈ ಗಟ್ಟಿ, ಎದೆ ಮಾತ್ರ ಪುಕ್ಕಲು. ಆಡಬೇಕಾದ ಮಾತನ್ನು ಆಡಬೇಕಾದ ಹೊತ್ತಿಗೆ ಆಡಿದವನೇ ಅಲ್ಲ, ಮಹಾರಾಯ! ಅದರ ಫಲವನ್ನು ಅವನೊಬ್ಬನೇ ಉಂಡಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಅವನ ಮಗಳು ರಾಜಶ್ರೀ ಹತ್ತೊಂಬತ್ತನೆಯ ವಯಸ್ಸಿಗೆ ಡೆಂಗಿ ಜ್ವರದಲ್ಲಿ ತೀರಿಹೋದಳು. ಆಸ್ಪತ್ರೆಯವರು ಅವಳ ಮೈಮೇಲಿದ್ದ ಓಲೆ, ಬಳೆ, ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಎಲ್ಲವನ್ನೂ ಬಿಚ್ಚಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಲಕ್ಕಪ್ಪನ ಕೈಗಿತ್ತರು. ಅವನು ಅದನ್ನು ಕೆಲಸದ ಚೀಲಕ್ಕೆ ತುರುಕಿ ಮರೆತುಬಿಟ್ಟ. ಲಿಂಗ ಕಟ್ಟುವ ಅವರ ಜನರಲ್ಲಿ ಸತ್ತವರ ಎಡಗೈಯಲ್ಲಿ ಅವರವರ ಲಿಂಗವನ್ನಿಟ್ಟೇ ಮಣ್ಣು ಮಾಡಬೇಕು. ಗುಂಡಿಯ ಹತ್ತಿರ ಅಯ್ಯನವರು ಕೇಳಿದಾಗ ಎಲ್ಲಿ ಹುಡುಕಿದರೂ ಲಿಂಗವಿಲ್ಲ. ಕೊನೆಗೆ ವಿಭೂತಿ ಗಟ್ಟಿಯನ್ನಿಟ್ಟು ಶಾಸ್ತ್ರ ಮುಗಿಸಿದರು. ಮೂರನೆಯ ದಿನ ಕವರು ಸಿಕ್ಕಿತು. ಮುಚ್ಚಿದ ಸಮಾಧಿಯನ್ನು ಅಗೆಯುವ ಹಾಗಿಲ್ಲ. "ನನ್ನ ಮಗಳು ಬರಿಗೈಲೆ ಹೋದಳಲ್ರೀ," ಎಂದು ಹೆಂಡತಿ ಶಿವವ್ವ ಗೋಡೆಗೆ ತಲೆ ಚಚ್ಚಿಕೊಂಡಳು. ಆಮೇಲೆ ಮಾತು ಬಿಟ್ಟಳು, ಊಟವನ್ನೂ ಬಿಟ್ಟಳು.

ಅದೇ ವರ್ಷ ವಸಂತಪುರದ ಸಣ್ಣದೊಂದು ಬುದ್ಧವಿಹಾರದವರು ಸ್ತೂಪ ಕಟ್ಟಲು ಲಕ್ಕಪ್ಪನನ್ನು ಕರೆದರು. ಚೌಕದ ಪೀಠ ಎಬ್ಬಿಸಿ ಆದಮೇಲೆ ಅವನು, "ಬಾಗ್ಲ ಯಾವ ದಿಕ್ಕಿಗೆ ಇಡ್ಲಿ ಸ್ವಾಮಿ?" ಎಂದು ಕೇಳಿದ. ವಿಹಾರದ ಹಿರಿಯ ಭಿಕ್ಷು, ಎಲ್ಲರೂ ಭಂತೇಜಿ ಎಂದು ಕರೆಯುತ್ತಿದ್ದವರು, ನಕ್ಕುಬಿಟ್ಟರು.

"ಇದಕ್ಕೆ ಬಾಗ್ಲೇ ಇಲ್ಲ ಲಕ್ಕಪ್ಪ. ಒಳಗೆ ಯಾರೂ ಹೋಗಲ್ಲ. ಸುತ್ತ ನಡೀತಾರೆ, ಅಷ್ಟೆ."

ಅವರೇ ಬಿಡಿಸಿ ಹೇಳಿದರು. ಕೆಳಗಿನ ಚೌಕ ಎಂದರೆ ನೆಲ. ಅದರ ಮೇಲಿನ ಗುಮ್ಮಟ ಬೋರಲು ಹಾಕಿದ ಭಿಕ್ಷಾಪಾತ್ರೆ, ಉಂಡು ಮುಗಿಸಿ ಇನ್ನೇನೂ ಬೇಡವೆಂದವರ ಪಾತ್ರೆ. ನೆತ್ತಿಯಲ್ಲೊಂದು ಪುಟ್ಟ ಕಟಕಟೆ, ನಡುವೆ ಕಂಬ, ಕಂಬಕ್ಕೆ ಒಂದರ ಮೇಲೊಂದು ಕೊಡೆ. ಗರ್ಭದಲ್ಲಿ ತಾಮ್ರದ ಬಿಂದಿಗೆ. ಅದರೊಳಗೆ ಗುರುವೊಬ್ಬರ ಅಸ್ಥಿಯ ಚೂರು, ಬೋಧಿಮರದ ಎಲೆ, ಭಕ್ತರು ಕೊಟ್ಟ ಬೆಳ್ಳಿಯ ವಸ್ತುಗಳು. "ಒಮ್ಮೆ ಮುಚ್ಚಿದ್ರೆ ಮುಗೀತು, ತೆಗೆಯೋ ಹಾಗಿಲ್ಲ. ಇದರ ಸುತ್ತ ನಡೆದ್ರೆ ಒಳಗಿರೋರ ಸುತ್ತಲೇ ನಡೆದ ಹಾಗೆ," ಎಂದರು.

ಲಕ್ಕಪ್ಪ ಈ ಮಾತನ್ನು ಮನೆಯಲ್ಲಿ ಹೇಳಿದ. ಗೋಡೆಗೆ ಮುಖ ಮಾಡಿ ಮಲಗಿದ್ದ ಶಿವವ್ವ ಎದ್ದು ಕುಳಿತಳು. ಕರಡಿಗೆಯನ್ನು ತಂದು ಅವನ ಅಂಗೈಯಲ್ಲಿಟ್ಟಳು. "ಆ ಬಿಂದಿಗ್ಯಾಗ ಇಡ್ರಿ. ನನ್ನ ಮಗಳು ಅಲ್ಲೇ ಇರ್ಲಿ."

ವಿಹಾರದ ಕಾರ್ಯದರ್ಶಿ ಗೌರೀಶಂಕರ ಒಪ್ಪಲಿಲ್ಲ. "ಬೇಜಾರ್ ಮಾಡ್ಕೋಬೇಡಿ ಲಕ್ಕಪ್ಪ. ಲಿಸ್ಟ್ ಆಗೋಗಿದೆ, ಬಿಂದಿಗೆಗೆ ಅರಗು ಹಾಕಿ ಆಗಿದೆ. ಅಲ್ದೆ ಲಿಂಗ ನಿಮ್ಮೋರದ್ದು. ನಾಳೆ ನಿಮ್ಮೋರೇ ಬಂದು ಜಗಳ ತೆಗೆದ್ರೆ ನಾವೇನ್ ಹೇಳೋದು?" ಎಂದು ಕರಡಿಗೆಯನ್ನು ವಾಪಸು ಕೊಟ್ಟ. ಭಂತೇಜಿ ಹತ್ತು ಹೆಜ್ಜೆ ದೂರದಲ್ಲೇ ಕುಳಿತಿದ್ದರು. ಅವರನ್ನೊಂದು ಮಾತು ಕೇಳಬಹುದಿತ್ತು. ಈ ಪುಣ್ಯಾತ್ಮ ಕೇಳಲಿಲ್ಲ. ಕದ್ದು ಗುಮ್ಮಟದ ಇಟ್ಟಿಗೆಗಳ ನಡುವೆ ಹುದುಗಿಸೋಣವೆಂದರೆ, ಲಿಂಗವನ್ನು ಗಾರೆಯಲ್ಲಿ ಹೂಳಲು ಕೈ ಬರಲಿಲ್ಲ.

ಮನೆಗೆ ಬಂದರೆ ಶಿವವ್ವ ಬಾಗಿಲಲ್ಲೇ ನಿಂತಿದ್ದಳು.

"ಇಟ್ರೇನ್ರಿ?"

"ಹೂಂ, ಇಟ್ಟೆ."

ಆ ದಿನ ಶಿವವ್ವ ತಾನೇ ರೊಟ್ಟಿ ತಟ್ಟಿ ಎರಡು ರೊಟ್ಟಿ ಉಂಡಳು. ಅದನ್ನು ನೋಡಿದವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಥೂ, ಅವನ ನಾಳೆಗೆ ಬೆಂಕಿ ಹಾಕ! ಏಳು ವರ್ಷ ಕಳೆಯಿತು.

ಆ ಏಳು ವರ್ಷವೂ ಪ್ರತಿ ಸೋಮವಾರ ಬೆಳಿಗ್ಗೆ ಶಿವವ್ವ ಸ್ತೂಪಕ್ಕೆ ನೂರೆಂಟು ಸುತ್ತು ಬಂದಳು. ಮಗಳ ಸಮಾಧಿಗೆ ಹೋಗುವುದನ್ನೇ ಬಿಟ್ಟಳು, ಅಲ್ಲೇನಿದೆ ಎಂದಳು. ಮಂಡಿ ಸವೆದಿದೆ, ನಡೆಯಬೇಡಿ ಎಂದ ಡಾಕ್ಟರನ್ನೇ ಬೈದು ಬಂದಳು. ಒಮ್ಮೆ ಪಾಚಿಗೆ ಕಾಲು ಜಾರಿ ಬಿದ್ದು ಮುಂಗೈ ಮುರಿಯಿತು. ಎಪ್ಪತ್ತು ಸುತ್ತಾಗಿತ್ತು, ಮುರಿದ ಕೈಯನ್ನು ಸೆರಗಲ್ಲಿ ಕಟ್ಟಿಕೊಂಡು ಉಳಿದದ್ದನ್ನೂ ಮುಗಿಸಿದಳು. ಕೊನೆಗೆ ಗುಮ್ಮಟಕ್ಕೆ ಕೆನ್ನೆಯೊತ್ತಿ, "ಉಂಡ್ಯೇನವ್ವಾ?" ಎಂದು ಕೇಳುತ್ತಿದ್ದಳು. ಲಕ್ಕಪ್ಪ ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದ. ಕರಡಿಗೆ ಅವನ ಮಗ್ಗುಲಲ್ಲೇ, ಚೀಲದೊಳಗೆ, ಕರಣೆ ಮತ್ತು ತೂಗುಗುಂಡಿನ ಜೊತೆಗೆ ಇರುತ್ತಿತ್ತು.

ಈ ವರ್ಷ ವಿಹಾರದ ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೋಡಿದರು. ಆ ಅದುರಿಗೆ ಗುಮ್ಮಟ ಸೀಳಿತು. ಒಡೆದು ಬಿಂದಿಗೆ ತೆಗೆದು ಹೊಸದಾಗಿ ಕಟ್ಟಬೇಕೆಂದು ಗೌರೀಶಂಕರ ಫೋನು ಮಾಡಿದ. ಲಕ್ಕಪ್ಪ ಚೀಲವನ್ನು ಮಗ್ಗುಲಿಗೆ ಎಳೆದುಕೊಂಡ. ಶಿವವ್ವ, "ಏಳು ವರ್ಷ ಆತು ನನ್ನ ಮಗಳ ಲಿಂಗ ನೋಡಿ. ಮತ್ತ ಮುಚ್ಚೂದರಾಗ ಒಮ್ಮೆ ಕೈಯಾಗ ಹಿಡೀತೇನಿ," ಎಂದು ಹೊರಟು ನಿಂತಿದ್ದಳು. ಒಡೆಯುವವನು ತಾನೇ. ಬಿಂದಿಗೆಗೆ ಮೊದಲು ಕೈ ಹಾಕುವವನೂ ತಾನೇ. ಹೇಗಾದರೂ ಕರಡಿಗೆಯನ್ನು ಅದರೊಳಗೆ ಸೇರಿಸಿಬಿಟ್ಟರೆ ಬದುಕಿದೆ ಎಂದುಕೊಂಡ. ಮಗಳ ವಸ್ತು, ಹೆಂಡತಿ ಕೈಯಲ್ಲಿ ಹಿಡಿಯುವಾಗ ಕೊಳಕಾಗಿರಬಾರದು ಎಂದು, ವರ್ಷವರ್ಷ ಕದ್ದು ಮಾಡುತ್ತಿದ್ದಂತೆ, ವಿಭೂತಿ ಹಾಕಿ ತಿಕ್ಕಿ ತಿಕ್ಕಿ ಒರೆಸಿದ.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಗುಮ್ಮಟ ಅರ್ಧ ಇಳಿದಿತ್ತು. ಲಕ್ಕಪ್ಪ ಎಲ್ಲರಿಗೂ ಬೆನ್ನು ಮಾಡಿ ಕುಳಿತು, ಅರಗು ಕಿತ್ತು, ಕರಡಿಗೆಯನ್ನು ಬಿಂದಿಗೆಯೊಳಗೆ ಜಾರಿಸಿ, ಅದನ್ನೆತ್ತಿ ಹೊರಗೆ ಕೊಟ್ಟ. ಗೌರೀಶಂಕರ ಬಿಳಿ ಬಟ್ಟೆ ಹಾಸಿ ಒಂದೊಂದನ್ನೇ ತೆಗೆದಿಟ್ಟ. ಬೆಳ್ಳಿ ದೀಪ, ಬೆಳ್ಳಿ ಬಟ್ಟಲು, ಬೆಳ್ಳಿಯ ಎಲೆ, ಎಲ್ಲವೂ ಹಂಚಿನ ಹಾಗೆ ಕಪ್ಪಾಗಿದ್ದವು. ನಡುವೆ ಕರಡಿಗೆಯೊಂದೇ ಬಿಸಿಲಿಗೆ ಫಳಫಳ ಹೊಳೆಯಿತು.

ಶಿವವ್ವ ಅದನ್ನು ಬಾಚಿಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ದೂರ ಹಿಡಿದು ನೋಡಿದಳು. ಪಕ್ಕದ ಬಟ್ಟಲನ್ನು ನೋಡಿದಳು. ಕರಡಿಗೆಯ ಸಂದಿಯಲ್ಲಿ ಉಗುರಾಡಿಸಿದಳು. ಉಗುರಿಗೆ ಹೊಸ ವಿಭೂತಿ ಹತ್ತಿತು.

"ಯಪ್ಪಾ, ಇದು ಇದರಾಗೇ ಇತ್ತೇನು?" ಎಂದು ಗೌರೀಶಂಕರನನ್ನು ಕೇಳಿದಳು.

ಅವನು ಹಳೆಯ ಪಟ್ಟಿಯ ಮೇಲೆ ಬೆರಳಾಡಿಸಿದ. "ಇಲ್ವಲ್ಲಮ್ಮ. ಇದನ್ನ ಅವತ್ತೇ ನಾನು ಲಕ್ಕಪ್ಪನಿಗೆ ವಾಪಸ್ ಕೊಟ್ಟಿದ್ದೆ. ಇಲ್ಲಿಗೆ ಹೆಂಗ್ ಬಂತು?"

ಶಿವವ್ವ ಗಂಡನ ಕಡೆ ತಿರುಗಿದಳು.

"ಎಲ್ಲಿತ್ತು?"

"ಚೀಲದಾಗ."

"ನಾ ಬಿದ್ದು ಕೈ ಮುರ್ಕೊಂಡೆನಲ್ಲ, ಅವತ್ತೂ?"

"ಹೂಂ."

"ಅವತ್ತು ನೀ ಅಲ್ಲೇ ಕುಂತಿದ್ದಿ."

ಅವನು ಕಾಲು ಹಿಡಿಯಲು ಬಗ್ಗಿದ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು. ಮಗಳ ಕರಡಿಗೆಯನ್ನು ತನ್ನ ಕೊರಳ ದಾರಕ್ಕೇ ಬಿಗಿಯಾಗಿ ಗಂಟು ಹಾಕಿಕೊಂಡಳು. ಗೇಟಿನವರೆಗೆ ಕುಂಟುತ್ತ ಹೋಗಿ, ತಿರುಗಿ ನಿಂತು, ಅಲ್ಲಿದ್ದವರೆಲ್ಲರ ಎದುರಿಗೇ ಹೇಳಿದಳು:

"ನಾಳೆ ನಾ ಸತ್ತರ, ನನ್ನ ಮಣ್ಣಿಗೆ ನೀ ಬರಬ್ಯಾಡ."