ತ್ರಿಕೋನ ತೂತಿನ ಎಲೆ

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದ ಅಕ್ಕನಿಗೆ ಮನುಷ್ಯರನ್ನು ನಂಬುವ ಅಭ್ಯಾಸ ಕೆಲಸದಲ್ಲೇ ಬಿಟ್ಟುಹೋಗಿತ್ತು. ಸಂಶಯ ಬಂದವನ ಬಳಿ ನಿಂತು, ದಾರಿಯಲ್ಲೇ ಇಲ್ಲದ ಊರಿನ ಹೆಸರು ಹೇಳಿ, "ಅಲ್ಲಿ ಹತ್ತಿದಿರಾ?" ಎಂದು ತಣ್ಣಗೆ ಕೇಳುತ್ತಿದ್ದಳು. ಹೌದು ಅಂದವನು ಸಿಕ್ಕಿಬಿದ್ದ.

ಈಗ ಅವಳ ಗಸ್ತು ಅಡುಗೆಮನೆಯ ಕಿಟಕಿಕಟ್ಟೆಗೆ ಬಂದು ನಿಂತಿತ್ತು. ಹೊರಗೆ ಈ ಹಿಮದ ಊರಿನ ನೆಲ ಹೆಪ್ಪುಗಟ್ಟಿ ಕಲ್ಲಾಗಿದ್ದರೆ, ಒಳಗೆ ಐಸ್‌ಕ್ರೀಂ ಡಬ್ಬದಲ್ಲಿ ಕೊತ್ತಂಬರಿ, ಹಿಡಿ ಮುರಿದ ಮಗ್ಗಿನಲ್ಲಿ ಕಾಮಕಸ್ತೂರಿ, ಹಳೆಯ ಎಣ್ಣೆ ಡಬ್ಬದಲ್ಲಿ ಹಸಿಯಾಗಿಯೇ ತಿನ್ನಬಹುದಾದ ಕಿತ್ತಳೆ ಹೂವಿನ ನಸ್ಟರ್ಷಿಯಂ. ತಣ್ಣನೆಯ ಗಾಜು ತಾಗಿದ ಎಲೆ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆಂದು ಸಂಜೆ ನಡುವೆ ರಟ್ಟು ನಿಲ್ಲಿಸುವಳು. ಬೆಳಿಗ್ಗೆ ರಟ್ಟು ತೆಗೆದು, ಗಿಡಗಳು ಒಂದೇ ಕಡೆ ವಾಲದಂತೆ ಡಬ್ಬಗಳನ್ನು ಕೊಂಚ ತಿರುಗಿಸಿ, ಒಂದು ಎಲೆ ಕಿವುಚಿ ಮೂಗಿಗೆ ಹಿಡಿಯುವಳು.

ಏನೂ ಇಲ್ಲ. ಚಳಿಗಾಲದ ಮೊದಲಲ್ಲಿ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದೊಯ್ದಿತ್ತು. ಎಂದಾದರೂ ಮರಳೀತೆಂದೇ ಅವಳು ಘಮಘಮಿಸುವ ಗಿಡಗಳನ್ನು ಬೆಳೆಸಿದ್ದು. ಯಾರಿಗೂ ಹೇಳಿರಲಿಲ್ಲ. ಅವಳಿದ್ದದ್ದು ತಮ್ಮನ ಮನೆಯಲ್ಲಿ; ಅವನು ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. "ಮೂಗು ಸತ್ತವರು ಗ್ಯಾಸಿನ ಹತ್ತಿರ ಸುಳೀಬಾರದು" ಎಂದು ನೆಗಡಿಯಾದ ಕೆಲಸಗಾರನನ್ನೂ ಮನೆಗಟ್ಟುವ ಆಸಾಮಿ. ಅವನಿಗೆ ತಿಳಿದರೆ ಅಡುಗೆಮನೆ ಕೈತಪ್ಪುತ್ತದೆ. ಅದೊಂದು ಹೋದರೆ ಈ ಮನೆಯಲ್ಲಿ ತಾನು ಬರೀ ನೆಂಟಳು, ಅದೂ ಎದ್ದು ಹೋಗದ ನೆಂಟಳು.

ಹೀಗಿರುವಾಗ ಕಾಮಕಸ್ತೂರಿಯ ಎಲೆಗಳು ಕಾಣೆಯಾಗತೊಡಗಿದವು. ತೊಟ್ಟಿನಲ್ಲಿ ಉಗುರಿನಿಂದ ಚಿವುಟಿದ ಗುರುತು. ಹುಳುವಿಗೆ ಉಗುರಿಲ್ಲ. ತಮ್ಮನೋ, ಸೊಪ್ಪು ಕಂಡರೆ ತಟ್ಟೆ ಸರಿಸುವವನು. ಉಳಿದವಳು ತಮ್ಮನ ಹೆಂಡತಿ. ಔಷಧಿ ಅಂಗಡಿಯಲ್ಲಿ ಕೆಲಸ. ಮಾತು ಕಡಿಮೆ, ನೋಟ ಜಾಸ್ತಿ. ಮೊನ್ನೆ ಅಕ್ಕ ಪಕ್ಕದಲ್ಲೇ ಕೂತಿದ್ದಾಗ ಹಾಲು ಸೀದುಹೋದದ್ದನ್ನು ಅವಳು ನೋಡಿ ಸುಮ್ಮನಿದ್ದಳು.

"ಗಿಡ ಬೋಳಾಗ್ತಾ ಇದೆ ಕಣೇ," ಎಂದು ಅಕ್ಕ ಗಾಳ ಹಾಕಿದಳು.

"ಚಳಿಗಲ್ವಾ ಅತ್ತಿಗೆ?"

"ಚಳಿ ಉಗುರು ಬಿಟ್ಕೊಂಡು ಬರುತ್ತಾ?"

"ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಕೊಳ್ಳಲಿ?" ಎಂದು ಅವಳು ಊಟದ ಡಬ್ಬ ಎತ್ತಿಕೊಂಡು ಹೊರಟಳು. ಆ ಡಬ್ಬವನ್ನು ಅಕ್ಕ ಮೊದಲೇ ಬಿಚ್ಚಿ ನೋಡಿಯಾಗಿತ್ತು. ಎಲೆಯಿರಲಿಲ್ಲ.

ಆಗ ಅವಳು ಟ್ರಂಕಿನಿಂದ ಟಿಕೆಟ್ ಪಂಚ್ ತೆಗೆದಳು. ತಪಾಸಣೆಯವರಲ್ಲಿ ಒಬ್ಬರ ತೂತಿನಂತೆ ಇನ್ನೊಬ್ಬರದು ಇರಬಾರದೆಂದು ಒಬ್ಬೊಬ್ಬರಿಗೆ ಒಂದೊಂದು ಆಕಾರ, ಇವಳದು ತ್ರಿಕೋನ. ಅಗಲವಾದ ಎಲೆಗಳಿಗೆಲ್ಲ ಒಂದೊಂದು ತೂತು ಹೊಡೆದಳು. ಎಲೆ ಎಲ್ಲಿಗೇ ಹೋಗಲಿ, ಟಿಕೆಟ್ ಅದರ ಮೈಮೇಲೇ ಇತ್ತು.

ಭಾನುವಾರ ಬೆಳಿಗ್ಗೆ ತಮ್ಮ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಎಂದಿನಂತೆ ಟೀ ಕೊಟ್ಟು ಎದುರಿಗೆ ಕೂತಳು. ಅಕ್ಕ ಅವಳ ಉಗುರುಗಳನ್ನೇ ನೋಡುತ್ತ ಕುಡಿದಳು. ಕೊನೆಯ ಗುಟುಕಿಗೆ ತುಟಿಗೇನೋ ಮೆತ್ತಿತು. ತೆಗೆದು ನೋಡಿದರೆ ಬೆಂದು ಕಂದಿದ ಎಲೆ. ನಡುವೆ ತ್ರಿಕೋನ.

"ಇಷ್ಟು ದಿನ ಸೋಸಿ ಕೊಡ್ತಿದ್ದೆ," ಎಂದಳು ತಮ್ಮನ ಹೆಂಡತಿ. "ಟೀಗೆ ಕಾಮಕಸ್ತೂರಿ ಹಾಕಿದ್ರೆ ಯಾರಾದ್ರೂ ಮುಖ ಕಿವುಚ್ತಾರೆ. ನೀವು ಚೆನ್ನಾಗಿದೆ ಅಂದ್ರಿ."

"ನಿನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ ಅಂದೆ."

"ಹೌದಾ?" ಅವಳೆದ್ದು ಕಿಟಕಿಗೆ ಹೋದಳು. "ಹಾಗಾದ್ರೆ ಕಣ್ಣು ಮುಚ್ಚಿ. ಇದ್ಯಾವುದರ ವಾಸನೆ, ಹೇಳಿಬಿಡಿ."

ಅಕ್ಕ ಕಣ್ಣು ಮುಚ್ಚಿದಳು. ಕಿವಿ ಮುಚ್ಚಲಿಲ್ಲ. ಕಟ್ಟೆಯ ಮೇಲೆ ಡಬ್ಬದ ತಗಡು ಸರಿದ ಸದ್ದು ಕೇಳಿತು. ತಗಡೆಂದರೆ ಎಣ್ಣೆ ಡಬ್ಬ. ಮೂಗಿನ ಬಳಿ ಅಂಗೈ ಬಂದಾಗ ದೀರ್ಘವಾಗಿ ಉಸಿರೆಳೆದು, "ನಸ್ಟರ್ಷಿಯಂ ಹೂವು. ನನ್ನ ಹತ್ರಾನೇ ನಿನ್ನ ಪರೀಕ್ಷೆಯಾ?" ಎಂದಳು.

ಕಣ್ಣು ಬಿಟ್ಟರೆ ಅಂಗೈ ಖಾಲಿ.

ಇಲ್ಲದ ಊರಲ್ಲಿ ಹತ್ತಿದೆನೆಂದವರ ಮುಖ ಹೇಗಾಗುತ್ತಿತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ತನ್ನದೂ ಹಾಗೇ ಆಗಿರಬೇಕು. ಗ್ಯಾಸ್ ಲೈಟರನ್ನು ಆ ಖಾಲಿ ಅಂಗೈಯಲ್ಲಿಟ್ಟಳು.

"ಹಚ್ಚೋದು, ಆರಿಸೋದು ನನ್ನದು," ಎಂದಳು ತಮ್ಮನ ಹೆಂಡತಿ. "ನಾನು ಮನೇಲಿಲ್ಲದಾಗ ಸಿಲಿಂಡರ್ ಬಂದ್. ಅಡುಗೆ ಮಾತ್ರ ನಿಮ್ಮದೇ. ಇವರಿಗೆ ಹೇಳಲ್ಲ."

"ಯಾಕೆ ಹೇಳಲ್ಲ? ನಿನಗೇನು ಲಾಭ?"

"ಹೇಳಿದ್ರೆ ಅಡುಗೆ ನಾನು ಮಾಡಬೇಕಾಗುತ್ತಲ್ಲ, ಅತ್ತಿಗೆ."

ಉತ್ತರ ನಿಜವಿರಬಹುದು. ನಿಜದ ಹಾಗೆ ಕೇಳಿಸುವ ಉತ್ತರಗಳನ್ನೇ ಅಕ್ಕ ಹೆಚ್ಚು ತಪಾಸಣೆ ಮಾಡಿದವಳು. ತಮ್ಮನ ಹೆಂಡತಿ ಸ್ನಾನಕ್ಕೆ ಹೋದ ಮೇಲೆ ಒಂದೆಲೆ ಕಿವುಚಿ ಮೂಗಿಗೆ ಹಿಡಿದಳು. ಏನೂ ಇಲ್ಲ. ಆಮೇಲೆ ಪಂಚ್ ತಂದು, ಹೊಸದಾಗಿ ಅಗಲವಾದ ಎಲೆಯೊಂದಕ್ಕೆ ತೂತು ಹೊಡೆದಳು.